ಕ್ರಿಸ್ತಜಯಂತಿಯ ತಟ್ಟೆ

(ಆಗಮನ ಕಾಲದಲ್ಲಿ ನಮ್ಮ ಧರ್ಮಕೇಂದ್ರದ ಸ್ತ್ರೀಯರ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಗುರುಮಠದಲ್ಲಿ ನನಗೆ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಕಲಿಸಿದರೇ ಹೊರತು ಒಲೆಯ ಕೆಲಸವನ್ನು ಕಲಿಸಲಿಲ್ಲ. ಬಿಸ್ಕತ್ತಿನ ವಿಷಯವಾಗಿ ಮಾತನಾಡಲು ನಾನು ನಿಂತಿರುವುದನ್ನು ಕಂಡು ಕೆಲವರು ಸೆರಗಿನ ಮರೆಯಲ್ಲಿ ನಗುತ್ತಿರುವುದು ಸಹಜವೇ. ನಾನು ಹೇಳಲಿರುವುದೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಲಿತದ್ದು.

ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದ ಕುಟುಂಬಗಳು ನೆವ್ರಿ, ಕಿಡ್ಯೊ, ಗುಳಿಯೊಗಳ ಕುಸ್ವಾರನ್ನು ತಮ್ಮೊಂದಿಗೆ ತಂದವು. ಈಚೆಗೆ ನಮ್ಮ ಯುವತಿಯರು ಒಣಹಣ್ಣು, ಮಸಾಲೆ ಬೆರೆಸಿದ ಚಾಕೊಲೇಟ್ ಬಿಸ್ಕತ್ತನ್ನೂ ಆ ತಟ್ಟೆಗೆ ಸೇರಿಸಿದ್ದಾರೆ. ಇದು ನಮ್ಮದಲ್ಲವೆಂದು ಹಿರಿಯರು ಕೆಲವರು ಗೊಣಗಿದರು. ನನಗೇನೋ ನಮ್ಮದೆಂದೇ ತೋರುತ್ತದೆ. ಏಲಕ್ಕಿ, ಮೆಣಸು ಸಕಲೇಶಪುರ ಸೀಮೆಯ ಬೆಳೆಗಳು. ಬಿಸಿಲೆ ಘಾಟಿಯನ್ನಿಳಿದು ಸುಬ್ರಹ್ಮಣ್ಯ ದಾಟಿದರೆ ಅಡಿಕೆಯ ನೆರಳಿನಲ್ಲಿ ಕೋಕೋ ಬೆಳೆಯುವ ನಾಡು. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯೂ ಇದೆ. ಒಣದ್ರಾಕ್ಷಿ, ಖರ್ಜೂರ ಮಾತ್ರ ದೂರದಿಂದ ಬರಬೇಕು.

ನನ್ನ ಚಿಂತೆ ಬೇರೆ. ಒಂದು ವರ್ಷ ಹಬ್ಬದ ಮರುದಿನ ಕೇಕು, ಬಿಸ್ಕತ್ತುಗಳ ತಟ್ಟೆಯನ್ನು ನಾನೇ ನೆರೆಮನೆಗೆ ಕೊಂಡೊಯ್ದೆ. ಯಜಮಾನರು ಎರಡು ಕೈಯಿಂದ ಸ್ವೀಕರಿಸಿದರು. ತಟ್ಟೆ ಬರಿದಾಗಿ ಹಿಂದಿರುಗಬಾರದೆಂದು ಕಿತ್ತಳೆ ತುಂಬಿಸಿ ಕೊಟ್ಟರು. ಆ ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲವೆಂದೂ, ನಾನು ಕೊಟ್ಟದ್ದನ್ನು ಒಬ್ಬರೂ ಬಾಯಿಗಿಡದೆ ತೋಟದ ಕೆಲಸದವರಿಗೆ ಹಂಚಿದರೆಂದೂ ತಿಂಗಳ ಬಳಿಕ ತಿಳಿಯಿತು. ನನ್ನ ಮನಸ್ಸು ನೋಯಬಾರದೆಂದು ಅವರು ಸುಮ್ಮನಿದ್ದರು. ನೆರೆಯವರು ಏನು ಉಣ್ಣುತ್ತಾರೆಂಬುದನ್ನು ಇಷ್ಟು ವರ್ಷ ಕೇಳದಿದ್ದವನು ನಾನು.

ಇನ್ನು, ಒಣಹಣ್ಣನ್ನು ರಮ್ಮಿನಲ್ಲಿ ನೆನೆಸುವ ಪದ್ಧತಿ. ತೋಟದ ಲೈನುಗಳಲ್ಲಿ ಕುಡಿತ ಬಿಡಲು ಹೆಣಗುತ್ತಿರುವವರಿದ್ದಾರೆ. ಅವರ ಹೆಂಡಂದಿರ ಕಣ್ಣೀರನ್ನು ನೀವೂ ಬಲ್ಲಿರಿ. ಆ ವಾಸನೆಯನ್ನು ಹಬ್ಬದ ದಿನ ನಾವೇ ಅವರ ಬಾಗಿಲಿಗೆ ಒಯ್ಯಬೇಕೆ? ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 8ನೆಯ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ತಿನ್ನುವ ಸ್ವಾತಂತ್ರ್ಯವುಳ್ಳವನು ಸೋದರನ ಸಲುವಾಗಿ ಅದನ್ನು ಬಿಟ್ಟುಕೊಡುವ ಮಾತು ಅಲ್ಲಿದೆ.

ಇವೆರಡೂ ಇಲ್ಲದೆ ರುಚಿ ಬಾರದೆಂಬುದು ಸುಳ್ಳು. 100 ಗ್ರಾಂ ಹಣ್ಣನ್ನು ಸಣ್ಣಗೆ ಹೆಚ್ಚಿ, ರಾತ್ರಿಯೆಲ್ಲ ಕಿತ್ತಳೆ ರಸದಲ್ಲಿ ನೆನೆಯಿಟ್ಟು, ಬೆಳಿಗ್ಗೆ ಚೆನ್ನಾಗಿ ಬಸಿಯಿರಿ. 150 ಗ್ರಾಂ ಬೆಣ್ಣೆಯನ್ನು ಅಷ್ಟೇ ಸಕ್ಕರೆ ಪುಡಿಯೊಡನೆ ಹಗುರಾಗುವ ತನಕ ತಿಕ್ಕಿ, 250 ಗ್ರಾಂ ಮೈದಾ, 40 ಗ್ರಾಂ ಕೋಕೋ ಪುಡಿ, ಒಂದು ಚಿಕ್ಕ ಚಮಚ ಬೇಕಿಂಗ್ ಪೌಡರನ್ನು ಜರಡಿಯಾಡಿಸಿ ಸೇರಿಸಿರಿ. 8 ಏಲಕ್ಕಿ, ಒಂದು ತುಂಡು ದಾಲ್ಚಿನ್ನಿ, 4 ಕಾಳುಮೆಣಸನ್ನು ಆಗಲೇ ಕುಟ್ಟಬೇಕು. ಮುಂಚೆ ಕುಟ್ಟಿಟ್ಟ ಏಲಕ್ಕಿಯಲ್ಲಿ ಪರಿಮಳ ಉಳಿಯದು. ಹಣ್ಣನ್ನೂ ಹಾಕಿ, ಎರಡು ಮೂರು ಚಮಚ ಹಾಲಿನಿಂದ ಕಲಸಿ ತಟ್ಟಿರಿ. 180 ಡಿಗ್ರಿ ಶಾಖದಲ್ಲಿ 12ರಿಂದ 15 ನಿಮಿಷ ಸಾಕು. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಮರಳು ಹಾಸಿ, ಮುಚ್ಚಳದ ಮೇಲೆ ಕೆಂಡವಿಡಬಹುದು. ಹಿಟ್ಟು ಮೊದಲೇ ಕಪ್ಪಗಿರುವುದರಿಂದ ಬೆಂದದ್ದು ಬಣ್ಣದಿಂದ ತಿಳಿಯದು. ಅಂಚು ಗಟ್ಟಿಯಾಗಿ ನಡು ಇನ್ನೂ ಮೆತ್ತಗಿರುವಾಗಲೇ ತೆಗೆಯಿರಿ. ಆರಿದ ಮೇಲೆ ತಾನೇ ಗಟ್ಟಿಯಾಗುತ್ತದೆ. ಈ ಪರೀಕ್ಷೆಯಲ್ಲಿ ನಾನು ಎರಡು ಸಲ ಅನುತ್ತೀರ್ಣನಾದೆ.

ಕಳೆದ ವರ್ಷ ಇಂಥ ಬಿಸ್ಕತ್ತನ್ನು ಅದೇ ಮನೆಗೆ ಕೊಂಡೊಯ್ದು, ಮೊಟ್ಟೆ ಹಾಕಿಲ್ಲವೆಂದು ಮೊದಲೇ ಹೇಳಿದೆ. ಯಜಮಾನರ ವೃದ್ಧ ತಾಯಿ ನನ್ನೆದುರಿನಲ್ಲೇ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಏಲಕ್ಕಿ ಯಾರ ತೋಟದ್ದು, ಫಾದರೇ?"