ಚಿಪ್‌ಸೆಟ್ ನಡೆದು ಬಂದ ದಾರಿ

ಮನೆಯಲ್ಲೇ ಕಂಪ್ಯೂಟರ್ ಜೋಡಿಸಲು ಹೊರಟವರು ಪ್ರೊಸೆಸರನ್ನು ಬೇಗ ಆರಿಸಿಬಿಡುತ್ತಾರೆ. ಮದರ್‌ಬೋರ್ಡಿನ ಹತ್ತಿರ ಬಂದಾಗ ತಡವರಿಸುತ್ತಾರೆ. ಎಎಂಡಿಯ ಎ620, ಬಿ650, ಎಕ್ಸ್670 ಎಂಬ ಚಿಪ್‌ಸೆಟ್‌ಗಳಲ್ಲಿ ಯಾವುದು ಸಾಕು? ಚಿಪ್‌ಸೆಟ್ಟಿನ ಚರಿತ್ರೆ ತಿಳಿದರೆ ಉತ್ತರ ಸುಲಭ.

1984ರಲ್ಲಿ ಬಂದ ಐಬಿಎಂ ಪಿಸಿ ಎಟಿಯ ಬೋರ್ಡಿನಲ್ಲಿ ಮೆಮೊರಿ, ಟೈಮರ್, ಕೀಬೋರ್ಡುಗಳನ್ನು ನೋಡಿಕೊಳ್ಳಲು ಹತ್ತಾರು ಬಿಡಿ ಚಿಪ್ಪುಗಳಿದ್ದವು. ಗಾರ್ಡನ್ ಕ್ಯಾಂಪ್‌ಬೆಲ್ ಕಟ್ಟಿದ ಚಿಪ್ಸ್ ಆ್ಯಂಡ್ ಟೆಕ್ನಾಲಜೀಸ್ ಕಂಪನಿ ಆ ಕೆಲಸವನ್ನು ಕೆಲವೇ ಚಿಪ್ಪುಗಳಿಗೆ ಇಳಿಸಿತು. ಆ ಚಿಪ್ಪುಗಳ ಗುಂಪೇ ಚಿಪ್‌ಸೆಟ್. ಬೋರ್ಡು ಚಿಕ್ಕದಾಯಿತು, ಬೆಲೆ ಇಳಿಯಿತು, ಸಣ್ಣ ತಯಾರಕರಿಗೂ ದಾರಿ ತೆರೆಯಿತು.

1990ರ ದಶಕದಲ್ಲಿ ಚಿಪ್‌ಸೆಟ್ ಎರಡು ಭಾಗವಾಗಿ ನೆಲೆಗೊಂಡಿತು. ಮೆಮೊರಿ ಮತ್ತು ಗ್ರಾಫಿಕ್ಸ್ ನಾರ್ತ್‌ಬ್ರಿಡ್ಜ್‌ನ ಪಾಲು; ಡಿಸ್ಕು, ಯುಎಸ್‌ಬಿ ಸೌತ್‌ಬ್ರಿಡ್ಜ್‌ನ ಪಾಲು. ಆಗ ಚಿಪ್‌ಸೆಟ್ ಬದಲಾದರೆ ಅದೇ ಪ್ರೊಸೆಸರಿನ ವೇಗವೂ ಬದಲಾಗುತ್ತಿತ್ತು. 1998ರ ಇಂಟೆಲ್ 440ಬಿಎಕ್ಸ್ ಹವ್ಯಾಸಿಗಳ ಮೆಚ್ಚಿನದಾಗಿದ್ದು ಅದಕ್ಕೇ.

2003ರಲ್ಲಿ ಎಎಂಡಿ ತನ್ನ ಅಥ್ಲಾನ್ 64ರಲ್ಲಿ ಮೆಮೊರಿಯ ನಿಯಂತ್ರಣವನ್ನು ಪ್ರೊಸೆಸರಿನೊಳಗೇ ತಂದಿತು. 2008ರಲ್ಲಿ ಇಂಟೆಲ್ ಕೋರ್ ಐ7 ಅದೇ ದಾರಿ ಹಿಡಿಯಿತು. ಮರುವರ್ಷ ಇಂಟೆಲ್‌ನ ಪಿ55 ಚಿಪ್‌ಸೆಟ್ಟಿನ ಬೋರ್ಡುಗಳು ಬರುವ ಹೊತ್ತಿಗೆ ಗ್ರಾಫಿಕ್ಸ್ ಕಾರ್ಡಿನ ಸಂಪರ್ಕವೂ ಪ್ರೊಸೆಸರಿಗೆ ಹೋಯಿತು. ನಾರ್ತ್‌ಬ್ರಿಡ್ಜ್‌ಗೆ ಕೆಲಸವೇ ಉಳಿಯಲಿಲ್ಲ.

ಹೀಗೆ ಚಿಪ್‌ಸೆಟ್‌ಗೆ ಉಳಿದದ್ದು ಯುಎಸ್‌ಬಿ, ಸಾಟಾ, ಹೆಚ್ಚುವರಿ ಸ್ಲಾಟುಗಳ ಉಸ್ತುವಾರಿ. 2022ರಲ್ಲಿ ಬಂದ ಎಎಂಡಿಯ ಎಎಂ5 ಬೋರ್ಡುಗಳನ್ನೇ ನೋಡಿ. ಚಿಪ್‌ಸೆಟ್‌ಗೂ ಪ್ರೊಸೆಸರಿಗೂ ನಡುವೆ ಇರುವುದು ನಾಲ್ಕು ಪಿಸಿಐಇ 4.0 ಲೇನುಗಳು, ಅಂದರೆ ಮಾಹಿತಿ ಸಾಗುವ ದಾರಿಗಳು. ಚಿಪ್‌ಸೆಟ್‌ಗೆ ಜೋಡಿಸಿದ್ದೆಲ್ಲವೂ ಆ ನಾಲ್ಕನ್ನೇ ಹಂಚಿಕೊಳ್ಳಬೇಕು. ಎಕ್ಸ್670ರಲ್ಲಿರುವುದು ಬಿ650ರ ಚಿಪ್ಪೇ, ಒಂದರ ಬದಲು ಎರಡು. ಪೋರ್ಟುಗಳು ಹೆಚ್ಚುತ್ತವೆ, ಪ್ರೊಸೆಸರ್‌ವರೆಗಿನ ದಾರಿ ಅಗಲವಾಗುವುದಿಲ್ಲ. ಆಟದ ವೇಗವೂ ಅದರಿಂದ ಏರುವುದಿಲ್ಲ. ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲು ಎ620ರಲ್ಲಿ ಅವಕಾಶವಿಲ್ಲ, ಬಿ650ರಲ್ಲಿದೆ.

ಆದ್ದರಿಂದ ಮೊದಲು ಒಂದು ಪಟ್ಟಿ ಮಾಡಿ: ಎಷ್ಟು ಎಸ್‌ಎಸ್‌ಡಿ, ಎಷ್ಟು ಯುಎಸ್‌ಬಿ ಸಾಧನ, ಯಾವ ಕಾರ್ಡು? ಅದನ್ನು ಪೂರೈಸುವ ಕೆಳಗಿನ ದರ್ಜೆಯ ಚಿಪ್‌ಸೆಟ್ ಸಾಕು. ಆಮೇಲೆ ಪ್ರೊಸೆಸರಿಗೆ ವಿದ್ಯುತ್ ಹದಮಾಡಿ ಕೊಡುವ ವಿಆರ್‌ಎಂ ಭಾಗ ಗಟ್ಟಿಯಾಗಿದೆಯೇ, ಅದರ ಮೇಲೆ ಹೀಟ್‌ಸಿಂಕ್ ಇದೆಯೇ ನೋಡಿ. ಒಂದೇ ಚಿಪ್‌ಸೆಟ್ಟಿನ ಎರಡು ಬೋರ್ಡುಗಳಲ್ಲಿ ಅದು ಒಂದೇ ತೆರನಾಗಿರುವುದಿಲ್ಲ. ನಿಮ್ಮ ಪ್ರೊಸೆಸರಿಗೆ ಬೇಕಾದ ಬಯಾಸ್ ಬೋರ್ಡಿನಲ್ಲಿದೆಯೇ ಎಂದು ಅಂಗಡಿಯಲ್ಲೇ ಕೇಳಿ. ಉಳಿದ ಹಣ ಮೆಮೊರಿಗೋ ಗ್ರಾಫಿಕ್ಸ್ ಕಾರ್ಡಿಗೋ ಹೋಗಲಿ; ಕಂಪ್ಯೂಟರಿನ ವೇಗ ಈಗ ಇರುವುದು ಅಲ್ಲಿ.