ಕಂಬಂ ಕಣಿವೆಯಲ್ಲಿ ಕೇಳಿದ ಕನ್ನಡ

(ಕನ್ನಡ ಮಾಧ್ಯಮ ಶಾಲೆಯ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಹೊಸ ಶಾಲಾ ವರ್ಷ ಹತ್ತಿರ ಬಂದಿದೆ. ಮಗುವನ್ನು ಕನ್ನಡ ಶಾಲೆಯಲ್ಲೇ ಓದಿಸುವುದೋ, ಬಿಡಿಸುವುದೋ ಎಂಬ ಮಾತು ನಿಮ್ಮಲ್ಲಿ ಹಲವರ ಮನೆಯಲ್ಲಿ ನಡೆದಿದೆ. "ಮನೆಯಲ್ಲಿ ಕನ್ನಡವನ್ನೇ ಆಡುತ್ತೇವಲ್ಲ ಸಾರ್, ಅಷ್ಟು ಸಾಲದೇ?" ಎಂದು ಕೆಲವರು ನನ್ನನ್ನೇ ಕೇಳಿದ್ದೀರಿ. ಇದಕ್ಕೆ ಉಪದೇಶ ಮಾಡುವ ಬದಲು ನಾನು ಕಂಡು ಬಂದ ಒಂದು ಊರಿನ ಸಂಗತಿ ಹೇಳುತ್ತೇನೆ.

ಆ ಊರು ಕಂಬಂ. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿದೆ. ತೇನಿ ಪಟ್ಟಣದಿಂದ ಬಸ್ಸು ಹತ್ತಿದರೆ ವೀರಪಾಂಡಿ, ಚಿನ್ನಮನೂರು, ಉತ್ತಮಪಾಳಯಂ ದಾಟಿ ಕಂಬಂ ಸೇರುತ್ತದೆ. ಒಂದು ಕಡೆ ಕೇರಳದ ಗಡಿಯ ಬೆಟ್ಟಗಳು, ಇನ್ನೊಂದು ಕಡೆ ಮೇಘಮಲೆ, ನಡುವೆ ಹಸಿರು ಗದ್ದೆ. ಈ ಹಸಿರಿಗೆ ಕಾರಣ ಮುಲ್ಲೈಪೆರಿಯಾರ್ ನೀರು. ಪಡುವಣಕ್ಕೆ ಹರಿದುಹೋಗುತ್ತಿದ್ದ ಪೆರಿಯಾರ್ ನದಿಗೆ ಪೆನ್ನಿಕ್ವಿಕ್ ಎಂಬ ಎಂಜಿನಿಯರು ಕಟ್ಟಿಸಿದ ಅಣೆಕಟ್ಟು 1895ರಲ್ಲಿ ಮುಗಿಯಿತು. ಬೆಟ್ಟ ಕೊರೆದ ಸುರಂಗದ ಮೂಲಕ ನೀರು ಈ ಕಡೆಗೆ ಬಂತು. ಇಂದಿಗೂ ಪೊಂಗಲ್ ಸಮಯದಲ್ಲಿ ಅಲ್ಲಿನ ರೈತರು ಆತನನ್ನು ನೆನೆದು ಪೊಂಗಲ್ ಇಡುತ್ತಾರೆ. ಗದ್ದೆಗಳ ಪಕ್ಕದಲ್ಲೇ ದ್ರಾಕ್ಷಿಯ ಚಪ್ಪರಗಳು. ಅಲ್ಲಿನ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೆಳಗಿನ ಜಾವ ಬೀದಿಗಿಳಿದರೆ, ಏಲಕ್ಕಿ ತೋಟದ ಕೂಲಿಗೆ ಹೊರಟ ಹೆಂಗಸರನ್ನು ತುಂಬಿಕೊಂಡು ಜೀಪುಗಳು ಕೇರಳದ ಘಟ್ಟ ಹತ್ತುತ್ತಿರುತ್ತವೆ. ಒಬ್ಬೊಬ್ಬರ ಮಡಿಲಲ್ಲೂ ಬುತ್ತಿಯ ಡಬ್ಬಿ.

ಕಣ್ಣಿಗೆ ಇದೆಲ್ಲ ಅಪ್ಪಟ ತಮಿಳು ಊರು. ಆದರೆ ಕಿವಿಗೊಟ್ಟರೆ ಕೆಲವು ಬೀದಿಗಳಲ್ಲಿ ನಮ್ಮ ಮಾತೇ ಕೇಳುತ್ತದೆ! ಅಲ್ಲಿನ ಒಕ್ಕಲಿಗ ಕಾಪ್ಪಿಲಿಯರ್ ಸಮುದಾಯದ ಮನೆಮಾತು ಕನ್ನಡ. ತುಂಗಭದ್ರೆಯ ಕಡೆಯಿಂದ ಬಂದವರೆಂದು ಅವರ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ತಮಿಳು ಬೆರೆತ ಆ ಕನ್ನಡ ಮೊದಲು ನಮಗೆ ತುಸು ತೊಡಕೆನಿಸಿದರೂ ಸ್ವಲ್ಪ ಹೊತ್ತಿನಲ್ಲಿ ಹತ್ತಿರವಾಗುತ್ತದೆ.

ಅವರಿಗೆ ದೇವರಿಗೆ ಬಿಟ್ಟ ದನಗಳ ಮಂದೆಯೊಂದಿದೆ. ಕಂಬಂನ ನಂದಗೋಪಾಲಸ್ವಾಮಿ ದೇವಸ್ಥಾನದ ದೊಡ್ಡಿಗೆ ಮಾಟ್ಟುಪ್ಪೊಂಗಲ್ ದಿನ ಸುತ್ತಲಿನ ಊರುಗಳ ಜನ ಬಂದು ಕೈಮುಗಿಯುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಕುರಿತ ಗ್ರಂಥದಲ್ಲೂ ಈ ಮಂದೆಯ ಮಾತು ಬರುತ್ತದೆ. ಮಂದೆಗೊಂದು ರಾಜ ಹೋರಿ. ಅದು ಸತ್ತರೆ ಕುಲದವರೆಲ್ಲ ಸೇರಿ, ಕರ್ಪೂರ ಹಚ್ಚಿ, ಮಂದೆಯ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಮೊದಲು ಬಂದ ಹೋರಿಗೆ ಪಟ್ಟ. ತಮಿಳಿನಲ್ಲಿ ಈ ಮಂದೆಗೆ 'ತಂಬಿರಾನ್ ಮಾಡು' ಎಂದು ಹೆಸರು. ಕನ್ನಡದಲ್ಲಿ 'ದೇವರು ಆವು' ಎನ್ನುತ್ತಾರೆಂದು ಅದರಲ್ಲಿ ಬರೆದಿದೆ. ಗಮನಿಸಿ, 'ಆವು'! ಹಸು, ಆಕಳು ಎನ್ನುವ ನಾವು ಈ ಮಾತನ್ನು ಹಳಗನ್ನಡ ಪಾಠದಲ್ಲಿ ಅರ್ಥ ಬರೆದುಕೊಂಡು ಕಲಿಯುತ್ತೇವೆ. ಅವರು ಅದನ್ನು ಬಾಯಲ್ಲೇ ಉಳಿಸಿಕೊಂಡರು.

ಅಲ್ಲಿ ಒಂದು ಸಂಜೆ ಜಗಲಿಯ ಮೇಲೆ ಅಜ್ಜಿಯೊಬ್ಬರು ಮಲ್ಲಿಗೆ ಕಟ್ಟುತ್ತಿದ್ದರು. ಪಕ್ಕದಲ್ಲಿ ಐದನೇ ತರಗತಿಯ ಮೊಮ್ಮಗ. ಅಜ್ಜಿಯೊಡನೆ ನಾನು ಮಾತಾಡಿದ್ದು ಕನ್ನಡದಲ್ಲಿ. ಮಾತಿನ ನಡುವೆ ನನ್ನ ಟಿಪ್ಪಣಿ ಪುಸ್ತಕದಲ್ಲಿ 'ಆವು' ಎಂದು ಬರೆದೆ. ಹುಡುಗ ಬಗ್ಗಿ ನೋಡಿ, ಇದೇನು ಎಂದು ಕೇಳಿದ. ನಿಮ್ಮ ಮನೆಯ ಮಾತೇ ಕಣಪ್ಪ, 'ಆವು' ಎಂದು ಬರೆದಿದ್ದೇನೆ ಎಂದೆ. ಅವನು ನಂಬಲಿಲ್ಲ. ಅಜ್ಜಿಯ ಕಡೆ ತಿರುಗಿ, ನಮ್ಮ ಮಾತಿಗೂ ಅಕ್ಷರ ಉಂಟಾ ಎಂದು ಕೇಳಿದ. ಅಜ್ಜಿ ಪುಸ್ತಕವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, ತಿಳಿಯದು ಮಗಾ ಎಂದು ನನಗೇ ಹಿಂತಿರುಗಿಸಿದರು.

ಪೋಷಕರೇ, ಆ ಮನೆತನದವರು ಅಭಿಮಾನದಲ್ಲಿ ನಮಗಿಂತ ಕಡಿಮೆಯವರಲ್ಲ. ತಲೆಮಾರುಗಳ ಕಾಲ ಮಾತನ್ನು ಕಾಪಾಡಿದ್ದಾರೆ. ಅವರ ಮಕ್ಕಳಿಗೆ ಸಿಗದೇ ಹೋದದ್ದು ಒಂದೇ, ಕನ್ನಡ ಕಲಿಸುವ ಶಾಲೆ. ಅದಿಲ್ಲದೆ ಮಾತು ಅಡಿಗೆಮನೆ, ಜಗಲಿ, ದೊಡ್ಡಿಗಳಲ್ಲಿ ಉಳಿಯಿತು. ಪುಸ್ತಕ, ಪತ್ರ, ಲಗ್ನಪತ್ರಿಕೆಗೆ ಬರಲಿಲ್ಲ. ಮನೆಯ ಕನ್ನಡ ಸಾಲದೇ ಎಂಬ ಪ್ರಶ್ನೆಗೆ ಆ ಹುಡುಗನ ಪ್ರಶ್ನೆಯೇ ಉತ್ತರ.

ಹೊಸೂರು, ತಾಳವಾಡಿ ಕಡೆಯ ನಮಗೆ ಆ ಶಾಲೆ ಇದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ತಕ್ಕ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರಿದ್ದು 1956ರಲ್ಲಿ. ಅದಕ್ಕೂ ಮೊದಲು, 1949ರ ಶಿಕ್ಷಣ ಸಚಿವರ ಸಮ್ಮೇಳನ ಒಂದು ಅಳತೆಯನ್ನು ಒಪ್ಪಿತ್ತು: ಇಡೀ ಶಾಲೆಯಲ್ಲಿ 40 ಮಕ್ಕಳು, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕು. ಅಂದರೆ ಹಕ್ಕು ಕಾಗದದಲ್ಲಿದ್ದರೂ ಅದು ನಿಲ್ಲುವುದು ಹಾಜರಿ ಪುಸ್ತಕದ ಮೇಲೆ. ನಿಮ್ಮ ಒಂದು ಮಗು ಹೊರಗೆ ಹೋದರೆ ಉಳಿದ ಮಕ್ಕಳ ಮೇಷ್ಟ್ರ ಹುದ್ದೆಯೂ ಅಲುಗಾಡುತ್ತದೆ.

ತಮಿಳು ಬೇಡವೆಂದು ನಾನು ಹೇಳುತ್ತಿಲ್ಲ. 2006ರ ತಮಿಳು ಕಲಿಕೆ ಕಾಯಿದೆಯ ನಂತರ ನಮ್ಮ ಮಕ್ಕಳು ಅದನ್ನೂ ಓದುತ್ತಿದ್ದಾರೆ. ಚೆನ್ನಾಗಿಯೇ ಓದಲಿ, ಅದು ನೆರೆಹೊರೆಯ ಭಾಷೆ, ಅನ್ನದ ಭಾಷೆ. ಇಂಗ್ಲಿಷನ್ನೂ ಕಲಿಯಲಿ. ಆದರೆ ಅವುಗಳಿಗೆ ಜಾಗ ಮಾಡಿಕೊಡಲು ಕನ್ನಡದ ಮಣೆ ತೆಗೆಯಬೇಕಾಗಿಲ್ಲ.

ಆದ್ದರಿಂದ ನನ್ನ ವಿನಂತಿ ಮೂರು. ಈ ವರ್ಷ ಮಗುವಿನ ಹೆಸರನ್ನು ಕನ್ನಡ ಮಾಧ್ಯಮದಲ್ಲೇ ಉಳಿಸಿ. ಜನಗಣತಿಯವರು ಬಂದಾಗ ಮಾತೃಭಾಷೆ ಕನ್ನಡವೆಂದೇ ಬರೆಸಿ. ಇವತ್ತು ರಾತ್ರಿ ಊಟವಾದ ಮೇಲೆ, ಮನೆಯ ಅಜ್ಜಿ ಆಡುವ ಒಂದು ಮಾತನ್ನು ಮಗುವಿನ ಕೈಯಿಂದ ಬರೆಸಿ, ಅಜ್ಜಿಗೆ ಓದಿ ಹೇಳಿಸಿ. ಕಂಬಂನ ಆ ಜಗಲಿಯಲ್ಲಿ ಆಗದಿದ್ದ ಕೆಲಸ ಅದು.