ಅಗ್ಗದ ಶೇರು, ದುಬಾರಿ ತೀರ್ಪು



ಕಂಪೆನಿಯೊಂದರ ಮೇಲೆ ದೊಡ್ಡ ದಾವೆ ಹೂಡಲ್ಪಟ್ಟಿತೆಂದರೆ ಅದರ ಶೇರಿನ ಬೆಲೆ ಇಳಿಯುತ್ತದೆ. 'ಕೇಸು ಗೆದ್ದರೆ ದುಪ್ಪಟ್ಟಾಗುತ್ತದೆ, ಈಗಲೇ ಕೊಳ್ಳಿ' ಎಂಬ ಸಲಹೆಯೂ ಆಗ ಬಾಯಿಂದ ಬಾಯಿಗೆ ಹಬ್ಬುತ್ತದೆ. ವರ್ಷಗಟ್ಟಲೆ ದುಡಿದು ಕೂಡಿಟ್ಟ ಹಣವನ್ನು ಈ ಮಾತಿಗೆ ಒಪ್ಪಿಸುವ ಮುನ್ನ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಸೋತರೆ ಈ ಕಂಪೆನಿ ಉಳಿಯುತ್ತದೆಯೇ?

ನಮ್ಮ ದೇಶದ್ದೇ ನಿದರ್ಶನ ನೋಡೋಣ. ಟೆಲಿಕಾಂ ಕಂಪೆನಿಗಳು ತಮ್ಮ ಆದಾಯದ ಒಂದು ಪಾಲನ್ನು ಪರವಾನಿಗೆ ಶುಲ್ಕವಾಗಿ ಸರಕಾರಕ್ಕೆ ಸಲ್ಲಿಸಬೇಕು. ಬಡ್ಡಿ, ಬಾಡಿಗೆಯಂತಹ ಆದಾಯವೂ ಈ ಲೆಕ್ಕಕ್ಕೆ ಸೇರಬೇಕೇ ಎಂಬ ವ್ಯಾಜ್ಯ ವರ್ಷಾನುಗಟ್ಟಲೆ ನಡೆಯಿತು. 2019ರ ಅಕ್ಟೋಬರ್ 24ರಂದು ಸುಪ್ರೀಮ್ ಕೋರ್ಟು ಸರಕಾರದ ವಾದವನ್ನು ಎತ್ತಿಹಿಡಿಯಿತು. ಬಾಕಿಯ ಮೇಲೆ ಬಡ್ಡಿ, ದಂಡ, ಆ ದಂಡದ ಮೇಲೂ ಬಡ್ಡಿ ಸೇರಿಕೊಂಡಿತು. ಆ ತ್ರೈಮಾಸಿಕದ ಲೆಕ್ಕದಲ್ಲಿ ವೊಡಾಫೋನ್ ಐಡಿಯಾ ಸುಮಾರು 50,900 ಕೋಟಿ, ಭಾರ್ತಿ ಏರ್‌ಟೆಲ್ ಸುಮಾರು 23,000 ಕೋಟಿ ರೂಪಾಯಿಗಳ ನಷ್ಟ ತೋರಿಸಿದವು.

ತೀರ್ಪು ಒಂದೇ ಆದರೂ ಪರಿಣಾಮ ಒಂದೇ ಆಗಲಿಲ್ಲ. ಏರ್‌ಟೆಲ್ 2020ರ ಜನವರಿಯಲ್ಲಿ 300 ಕೋಟಿ ಡಾಲರ್ ಬಂಡವಾಳ ಸಂಗ್ರಹಿಸಿ ಚೇತರಿಸಿಕೊಂಡಿತು. ಮೊದಲೇ ಸಾಲದಲ್ಲಿ ಮುಳುಗಿದ್ದ ವೊಡಾಫೋನ್ ಐಡಿಯಾಕ್ಕೆ ಆ ತ್ರಾಣವಿರಲಿಲ್ಲ. 2019ರ ಏಪ್ರಿಲ್‌ನಲ್ಲಿ ಅದು ತನ್ನ ಶೇರುದಾರರಿಗೆ 12.50 ರೂಪಾಯಿಯಂತೆ ನೀಡಿದ ಶೇರು ನವೆಂಬರ್‌ನಲ್ಲಿ ಮೂರು ರೂಪಾಯಿಗಿಂತ ಕೆಳಗಿಳಿಯಿತು. ಮುಂದೆ ಸರಕಾರವು ತನಗೆ ಬರಬೇಕಾದ ಹಣದಲ್ಲಿ 2023ರಲ್ಲಿ 16,133 ಕೋಟಿ, 2025ರಲ್ಲಿ 36,950 ಕೋಟಿ ರೂಪಾಯಿಗಳನ್ನು ಶೇರುಗಳಾಗಿ ಪಡೆದು ಸುಮಾರು ಶೇಕಡಾ 49ರ ಪಾಲುದಾರನಾಯಿತು. ಕಂಪೆನಿಯೇನೋ ಉಳಿಯಿತು. ಆದರೆ ಹತ್ತು ಮಂದಿಯ ರೊಟ್ಟಿಯನ್ನು ಇಪ್ಪತ್ತು ಮಂದಿ ಹಂಚಿಕೊಂಡಂತೆ ಹಳೆಯ ಶೇರುದಾರರ ಪಾಲು ಕಿರಿದಾಯಿತು.

ವ್ಯಾಜ್ಯಕ್ಕೆ ಕೊನೆಯ ದಿನಾಂಕವೂ ಇರುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕಂಪೆನಿಗಳ ಪರಿಹಾರಾತ್ಮಕ ಅರ್ಜಿ ವಜಾಗೊಂಡ ಸುದ್ದಿ ಬಂದ ದಿನ ಈ ಶೇರು ತನ್ನ ಬೆಲೆಯ ಸುಮಾರು ಐದನೇ ಒಂದು ಭಾಗವನ್ನು ಕಳೆದುಕೊಂಡಿತು. 2025ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯವು ಬಾಕಿಯನ್ನು ಮರುಪರಿಶೀಲಿಸಲು ಸರಕಾರಕ್ಕೆ ಅವಕಾಶವಿತ್ತಿತು. ಇದನ್ನೆಲ್ಲ ಮುಂಚಿತವಾಗಿ ಅರಿಯಬಲ್ಲವರು ಯಾರು?

ಆದ್ದರಿಂದ ನಾವು ಲೆಕ್ಕ ಹಾಕಿ ನೋಡಬೇಕು. ನೂರು ರೂಪಾಯಿಯ ಶೇರೊಂದು ಕೇಸು ಗೆದ್ದರೆ 150, ಸೋತರೆ 20 ರೂಪಾಯಿ ಆಗುವುದೆಂದು ಭಾವಿಸೋಣ. ಸೋಲು, ಗೆಲುವಿನ ಸಾಧ್ಯತೆ ಸಮವಾಗಿದ್ದರೆ ಸರಾಸರಿ ಬರುವುದು 85 ರೂಪಾಯಿ. 'ಐವತ್ತು ಲಾಭ' ಎಂಬ ಆಸೆಯ ಹಿಂದೆ ಹದಿನೈದು ರೂಪಾಯಿಯ ನಷ್ಟ ಅಡಗಿದೆ. ಕಂಪೆನಿಯ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಸಂಭಾವ್ಯ ಹೊಣೆಗಾರಿಕೆಗಳ ಪಟ್ಟಿಯಿರುತ್ತದೆ. ಆ ಮೊತ್ತವನ್ನು ಕಂಪೆನಿಯ ನಿವ್ವಳ ಸಂಪತ್ತಿನೊಂದಿಗೆ ಹೋಲಿಸಬೇಕು. ಸಾಲವೆಷ್ಟಿದೆ ಎಂದು ನೋಡಬೇಕು. ಕಂಪೆನಿ ಮುಳುಗಿದರೆ ಮೊದಲು ಹಣ ಸಿಗುವುದು ಸಾಲ ಕೊಟ್ಟವರಿಗೆ. ಶೇರುದಾರನು ಸಾಲಿನ ಕಟ್ಟಕಡೆಯವನು.

ಇಷ್ಟೆಲ್ಲ ಪರಿಶೀಲಿಸಿದ ಮೇಲೂ ಕೊಳ್ಳಬಯಸುವವರು, ಪೂರ್ತಿ ಹೋದರೂ ಮನೆ ನಡೆಯುವಷ್ಟು ಸಣ್ಣ ಮೊತ್ತವನ್ನು ಮಾತ್ರ ತೊಡಗಿಸಲಿ. ಮಗಳ ಶಿಕ್ಷಣದ ಹಣ, ತಂದೆಯ ಚಿಕಿತ್ಸೆಯ ಹಣ ನ್ಯಾಯಾಲಯದ ತೀರ್ಪನ್ನು ಕಾಯುತ್ತಾ ಕೂರುವಂತಾಗಬಾರದು.